ಹಂದರದ ಬಿಸಿಲಿಗೆ ಹರವಿಯ ತಂಪು

ಬೇಸಿಗೆಯ ಬಯಲು ಮದುವೆಯಲ್ಲಿ ಐದುನೂರು ಮಂದಿಗೆ ತಣ್ಣನೆಯ ಮಜ್ಜಿಗೆ ಕೊಡಲು ದುಬಾರಿ ಐಸ್ ಬಾಕ್ಸ್ ಬೇಕಾಗಿಲ್ಲ. ಬೇಕಾದ ಪಾತ್ರೆ, ಹೊಟ್ಟು, ಹುಲ್ಲು ಎಲ್ಲವೂ ಗಂಗಾವತಿ ಸೀಮೆಯಲ್ಲೇ ಇದೆ. ಯಾವುದನ್ನು ಯಾವುದರೊಳಗೆ ಇಡಬೇಕು ಎಂಬುದು ಗೊತ್ತಿದ್ದರೆ ಸಾಕು.

ಏಪ್ರಿಲ್ ಬಂತೆಂದರೆ ಗಂಗಾವತಿ, ಕಾರಟಗಿ ಭಾಗದಲ್ಲಿ ಬೇಸಿಗೆ ಭತ್ತ ಕೊಯ್ಲಿಗೆ ಬರುತ್ತದೆ, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ, ಲಗ್ನಗಳು ಶುರುವಾಗುತ್ತವೆ. ಬಸವ ಜಯಂತಿಯ ಹೊತ್ತಿಗೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಊರೂರಲ್ಲಿ ಹಂದರ ಎದ್ದಿರುತ್ತದೆ. ಗುಡಿಯ ಮುಂದಿನ ಬಯಲು, ಶಾಲೆಯ ಮೈದಾನ, ಕೊಯ್ಲಾದ ಗದ್ದೆ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ. ಅದೇ ದಿನಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದೂ ಮಾಮೂಲು. ಅಕ್ಕಿಕಾಳು ಬೀಳುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಟ್ರ್ಯಾಕ್ಟರಿನಲ್ಲೋ ಟೆಂಪೋದಲ್ಲೋ ಬಂದಿಳಿದ ಬೀಗರು ಮೊದಲು ಕೇಳುವುದು ಊಟವನ್ನಲ್ಲ. “ಒಂದ್ ತಂಬಿಗಿ ತಣ್ಣೀರ್ ಕೊಡ್ರಿ ಮೊದಲ” ಎನ್ನುತ್ತಾರೆ.

ಆ ತಣ್ಣೀರನ್ನು ಎಲ್ಲಿಂದ ತರುವುದು? ಮನೆಯ ಫ್ರಿಜ್ಜಿನಲ್ಲಿ ಹಿಡಿಸುವುದು ಹೆಚ್ಚೆಂದರೆ ಎರಡು ಡಜನ್ ಬಾಟಲಿ. ಶಾಮಿಯಾನದ ಅಂಗಡಿಯವರು ಕುರ್ಚಿ, ಕಡಾಯಿ, ಡಬರಿ, ಪರಾತ ಕೊಡುತ್ತಾರೆ. ತಣ್ಣಗಿಡುವ ಪಾತ್ರೆ ಅವರ ಪಟ್ಟಿಯಲ್ಲಿ ಇರುವುದು ಅಪರೂಪ. ಹೀಗಾಗಿ ಎಷ್ಟೋ ಮನೆಯವರು ಬೆಳಿಗ್ಗೆ ಐಸ್ ದಿಮ್ಮಿ ತಂದು, ಒಡೆದು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲೆಸಿದ ಶರಬತ್ತಿಗೋ ಮಜ್ಜಿಗೆಗೋ ನೇರವಾಗಿ ಸುರಿದುಬಿಡುತ್ತಾರೆ. ಇದರಿಂದ ಎರಡು ತೊಂದರೆ. ಮುಹೂರ್ತಕ್ಕೆ ಮೊದಲೇ ಐಸ್ ಕರಗಿ ಮಜ್ಜಿಗೆ ನೀರಾಗುತ್ತದೆ. ಅದಕ್ಕಿಂತ ದೊಡ್ಡದೆಂದರೆ, ಯಾವ ನೀರಿನಿಂದ ಮಾಡಿದ್ದೆಂದು ಯಾರಿಗೂ ಗೊತ್ತಿಲ್ಲದ ಐಸ್ ಮಕ್ಕಳು, ಮುದುಕರು, ಬಸುರಿಯರ ಹೊಟ್ಟೆ ಸೇರುತ್ತದೆ.

ಐಸ್ ಹೊರಗೆ, ಪಾನೀಯ ಒಳಗೆ

ಐಸ್ ಫ್ಯಾಕ್ಟರಿಯಲ್ಲಿ ನೀರು ತುಂಬಿದ ತಗಡಿನ ಅಚ್ಚುಗಳನ್ನು ಶೂನ್ಯಕ್ಕಿಂತ ಕೆಳಗೆ ತಣಿಸಿದ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು ದಿಮ್ಮಿ ಮಾಡುತ್ತಾರೆ. ಮೀನು, ತರಕಾರಿ ಕೆಡದಂತೆ ಇಡಲು ಹೋಗುವ ದಿಮ್ಮಿಗೆ ಕುಡಿಯುವ ನೀರನ್ನೇ ಬಳಸಿರುತ್ತಾರೆ ಎಂದು ಹೇಳಲಾಗದು. ಈ ಗೊಂದಲ ತಪ್ಪಿಸಲೆಂದೇ ಮಹಾರಾಷ್ಟ್ರ 2018ರಲ್ಲಿ ತಿನ್ನಲು ಬಾರದ ಐಸಿಗೆ ನೀಲಿ ಬಣ್ಣ ಬೆರೆಸಬೇಕು, ತಿನ್ನುವ ಐಸ್ ಬಣ್ಣವಿಲ್ಲದೆ ಇರಬೇಕು ಎಂಬ ನಿಯಮ ತಂದಿತು. ದಿಮ್ಮಿ ಎಷ್ಟೇ ಬೆಳ್ಳಗಿರಲಿ, ಅದು ಗೋಣಿಯ ಮೇಲೆ, ಆಟೋದ ಹಲಗೆಯ ಮೇಲೆ ಉರುಳಿಕೊಂಡು ಬಂದಿರುತ್ತದೆ. ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣುಗಳೆಲ್ಲ ಸಾಯುವುದಿಲ್ಲ. ಕರಗಿದಾಗ ಹಲವು ಮತ್ತೆ ಚುರುಕಾಗುತ್ತವೆ.

ಆದ್ದರಿಂದ ಐಸ್ ಪಾತ್ರೆಯ ಹೊರಗಿರಬೇಕು, ಪಾನೀಯ ಒಳಗಿರಬೇಕು. ಹೀಗೆ ಮಾಡಬೇಕೆಂದರೆ ಒಂದು ಪಾತ್ರೆ ಸಾಲದು, ಒಂದರೊಳಗೊಂದು ಕೂರುವ ಎರಡು ಪಾತ್ರೆ ಬೇಕು. ಒಳಗಿನದು ಶಾಖವನ್ನು ಬೇಗ ದಾಟಿಸುವ ಲೋಹದ್ದಾಗಿರಬೇಕು. ಹೊರಗಿನದು ಬಿಸಿಲಿನ ಶಾಖವನ್ನು ಒಳಗೆ ಬಿಡಬಾರದು. ಐಸ್ ಕರಗಿದ ನೀರನ್ನು ಆಗಾಗ ಬಸಿಯಲು ತಳದಲ್ಲಿ ನಲ್ಲಿಯೋ ಬಿರಡೆಯೋ ಇರಬೇಕು. ಪಾತ್ರೆ ಹುಡುಕಿಕೊಂಡು ಹೊರಟವರು ಈ ಮೂರನ್ನು ನೋಡಿಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ.

ಐಸ್ ಎಷ್ಟು ಬೇಕು ಎಂಬುದಕ್ಕೂ ಲೆಕ್ಕವಿದೆ. ಐದುನೂರು ಜನ, ತಲೆಗೆ 300 ಮಿಲಿಲೀಟರ್ ಎಂದರೆ 150 ಲೀಟರ್. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ತಣಿಸಲು ಒಂದು ಕಿಲೋಕ್ಯಾಲರಿ ಶಾಖ ತೆಗೆಯಬೇಕು. 35 ಡಿಗ್ರಿಯ ನೀರನ್ನು 10 ಡಿಗ್ರಿಗೆ ತರಲು ಲೀಟರಿಗೆ 25 ಕಿಲೋಕ್ಯಾಲರಿ. ಒಂದು ಕಿಲೋ ಐಸ್ ಕರಗುವಾಗ 80 ಕಿಲೋಕ್ಯಾಲರಿ ಹೀರುತ್ತದೆ. ಕರಗಿದ ನೀರು 10 ಡಿಗ್ರಿಗೆ ಏರುವಾಗ ಇನ್ನೂ 10 ಹೀರುತ್ತದೆ. ಭಾಗಿಸಿದರೆ 42 ಕಿಲೋ ಐಸ್. ಆದರೆ ಇದು ಒಂದಿಷ್ಟೂ ಪೋಲಾಗದಿದ್ದರೆ ಮಾತ್ರ. ಬಯಲಿನ ಬಿಸಿಗಾಳಿಯಲ್ಲಿ ಅರ್ಧದಷ್ಟು ಐಸ್ ಗಾಳಿಯನ್ನೇ ತಣಿಸಿ ಕರಗಿಹೋಗುತ್ತದೆ ಎಂದು ಹಿಡಿದರೆ 85 ಕಿಲೋ ತರಿಸಬೇಕಾಗುತ್ತದೆ.

ಈ 85 ಕಿಲೋವನ್ನು ಇಳಿಸುವ ದಾರಿ ಎರಡು. ಐಸಿನ ಹತ್ತಿರ ಬರುವ ಮೊದಲೇ ನೀರು ಅರ್ಧ ತಣ್ಣಗಾಗಿರಬೇಕು. ತಂದ ಐಸ್ ಪೋಲಾಗದಂತೆ ಕಾಯಬೇಕು. ಮೊದಲನೆಯದನ್ನು ಕುಂಬಾರರ ಓಣಿ ಮಾಡಿಕೊಡುತ್ತದೆ, ಎರಡನೆಯದನ್ನು ಅಕ್ಕಿ ಗಿರಣಿ.

ಅರವಟ್ಟಿಗೆಯ ಜಾಣ್ಮೆ

ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆ ಕನ್ನಡ ನಾಡಿಗೆ ಹೊಸದಲ್ಲ. ಅರವಟ್ಟಿಗೆಗೆಂದು ದತ್ತಿ ಬಿಟ್ಟ ಸಂಗತಿ ಹಳೆಯ ಶಾಸನಗಳಲ್ಲೇ ಇದೆ. ಇಂದಿಗೂ ಬೇಸಿಗೆಯಲ್ಲಿ ಬಸ್ ನಿಲ್ದಾಣದ ಬಳಿ, ಸಂತೆಯ ಬಾಯಲ್ಲಿ ಮಣ್ಣಿನ ಹರವಿಗಳು ಸಾಲಾಗಿ ಕೂರುತ್ತವೆ. ಮದುವೆ ಮನೆಗೆ ಬೇಕಾದ ವಿದ್ಯೆ ಪೂರ್ತಿ ಅಲ್ಲೇ ಇದೆ.

ಚೆನ್ನಾಗಿ ಜೋಡಿಸಿದ ಅರವಟ್ಟಿಗೆಯನ್ನು ಹತ್ತಿರದಿಂದ ನೋಡಬೇಕು. ನೆಲದ ಮೇಲೆ ಒಂದು ಗೇಣು ಎತ್ತರ ಮರಳು ಹಾಸಿ, ಸುತ್ತ ಇಟ್ಟಿಗೆ ಕಟ್ಟಿರುತ್ತಾರೆ. ಹರವಿಯ ತಳ ಆ ಮರಳಿನಲ್ಲಿ ಕಾಲುಭಾಗ ಹೂತಿರುತ್ತದೆ. ಹೊಟ್ಟೆಯ ಸುತ್ತ ಗೋಣಿತಟ್ಟು ಸುತ್ತಿ ಹುರಿಯಿಂದ ಬಿಗಿದಿರುತ್ತಾರೆ. ಮರಳಿಗೂ ಗೋಣಿಗೂ ಆಗಾಗ ನೀರು ಚಿಮುಕಿಸುತ್ತಾರೆ. ಬಾಯಿಗೆ ತೆಳು ಬಟ್ಟೆ, ಅದರ ಮೇಲೆ ಮುಚ್ಚಳ. ಮೇಲೆ ಬೇವಿನ ನೆರಳು; ಗಾಳಿ ಮಾತ್ರ ಎಲ್ಲ ಕಡೆಯಿಂದ ಆಡುತ್ತಿರುತ್ತದೆ. ನೆರಳು ಬೇಕೆಂದು ಹರವಿಯನ್ನು ಶಾಮಿಯಾನದ ಪರದೆಗಳ ಮೂಲೆಗೆ ತಳ್ಳುವವರು ಇದನ್ನೇ ಮರೆಯುತ್ತಾರೆ. ಗಾಳಿಯಾಡದ ಜಾಗದಲ್ಲಿ ಹರವಿ ತಣ್ಣಗಾಗುವುದಿಲ್ಲ.

ಕಾರಣ ಸರಳ. ಸುಟ್ಟ ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಹೊರಮೈಗೆ ಜಿನುಗಿ ಆವಿಯಾಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಬೇಕು. ಒಂದು ಕಿಲೋ ಐಸ್ ಕರಗುವಾಗ ಹೀರುವ ಶಾಖದ ಏಳು ಪಟ್ಟು. ಇದರಲ್ಲಿ ಒಂದು ಪಾಲು ಸುತ್ತಲಿನ ಗಾಳಿಯಿಂದ ಬಂದರೂ ಉಳಿದದ್ದನ್ನು ಹರವಿಯ ನೀರೇ ಕೊಡಬೇಕು. ಗಾಳಿ ಒಣಗಿದಷ್ಟೂ ತಂಪು ಹೆಚ್ಚು. 40 ಡಿಗ್ರಿ ಬಿಸಿಲಿನಲ್ಲಿ ಗಾಳಿಯ ತೇವಾಂಶ ಶೇಕಡಾ 20ರಷ್ಟಿದ್ದರೆ ಹರವಿಯ ನೀರು ತಾತ್ವಿಕವಾಗಿ 23 ಡಿಗ್ರಿಯವರೆಗೆ ಇಳಿಯಬಲ್ಲದು. ತೇವಾಂಶ ಶೇಕಡಾ 50 ಇದ್ದರೆ 31 ಡಿಗ್ರಿಗಿಂತ ಕೆಳಗೆ ಹೋಗದು. ಕಾಲುವೆ ನೀರು ನಿಂತ ಗದ್ದೆಗಳ ನಡುವಿನ ಊರಿಗಿಂತ ಕುಷ್ಟಗಿ, ಯಲಬುರ್ಗಾದ ಒಣ ಎರೆಹೊಲದ ನಡುವೆ ಹರವಿ ಹೆಚ್ಚು ತಣ್ಣಗಿರಬೇಕು ಎನ್ನುತ್ತದೆ ಈ ಲೆಕ್ಕ. ಕರಾವಳಿಯ ಮದುವೆಯಲ್ಲಿ ಕೈಕೊಡುವ ವಿದ್ಯೆ ಕೊಪ್ಪಳ ಜಿಲ್ಲೆಯ ಬೇಸಿಗೆಗೆ ಹೇಳಿ ಮಾಡಿಸಿದಂತಿದೆ.

ಹರವಿ ಹಳೆಯದಾಗಿರಬಾರದು. ಈ ಭಾಗದ ಕೊಳವೆಬಾವಿಯ ಗಡಸು ನೀರಿನಲ್ಲಿರುವ ಲವಣ ವರ್ಷದೊಳಗೆ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಹೋದ ಬೇಸಿಗೆಯ ಹರವಿಯ ಮೈ ಒಣಗಿ ಬೆಳ್ಳಗೆ ಉಪ್ಪುಕಟ್ಟಿದ್ದರೆ ಅದು ಧಾನ್ಯ ತುಂಬಲಷ್ಟೇ ಸರಿ. ಹೊಸ ಹರವಿ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿದರೆ ಖಣಖಣ ಅನ್ನಬೇಕು. ಮಂಕು ಸದ್ದು ಬಂದರೆ ಎಲ್ಲೋ ಬಿರುಕಿದೆ. ತಂದ ಮೇಲೆ ಒಂದು ದಿನ ನೀರು ತುಂಬಿಟ್ಟು ಚೆಲ್ಲಿದರೆ ಮಣ್ಣಿನ ವಾಸನೆ ಕಡಿಮೆಯಾಗುತ್ತದೆ, ಸೋರಿಕೆಯಿದ್ದರೂ ಗೊತ್ತಾಗುತ್ತದೆ.

ತಣ್ಣಗಾದ ಮಾತ್ರಕ್ಕೆ ನೀರು ಶುದ್ಧವಾಗುವುದಿಲ್ಲ ಎಂಬುದೂ ನೆನಪಿರಲಿ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಅಂತರ್ಜಲದಲ್ಲಿ ಫ್ಲೋರೈಡ್ ತೊಂದರೆ ಬಹಳ ಕಾಲದಿಂದ ಇದೆ. ಹರವಿಗೆ ತುಂಬುವ ನೀರು ಊರಿನ ಶುದ್ಧ ಕುಡಿಯುವ ನೀರಿನ ಘಟಕದ್ದಾಗಿದ್ದರೆ ಒಳ್ಳೆಯದು.

ಈಗ ಮತ್ತೆ ಲೆಕ್ಕಕ್ಕೆ ಬರೋಣ. 150 ಲೀಟರ್ ಮಜ್ಜಿಗೆಗೆ ಹೆಚ್ಚುಕಡಿಮೆ 40 ಲೀಟರ್ ಮೊಸರು, 110 ಲೀಟರ್ ನೀರು. ದೊಡ್ಡ ಹರವಿಗೆ ಮೂರು-ನಾಲ್ಕು ಕೊಡ ನೀರು ಹಿಡಿಸುತ್ತದೆ. ಅಂಥ ಮೂರು ಹರವಿಗಳಿಗೆ ಹಿಂದಿನ ರಾತ್ರಿಯೇ ನೀರು ತುಂಬಿಟ್ಟು, ಬೆಳಿಗ್ಗೆ ಅದೇ ನೀರಿನಲ್ಲಿ ಮೊಸರು ಕಡೆಯಬೇಕು. ಮಜ್ಜಿಗೆಯನ್ನೇ ರಾತ್ರಿಯಿಡೀ ಹರವಿಯಲ್ಲಿಟ್ಟರೆ ಹುಳಿಯೇರುತ್ತದೆ. ಇಡಬೇಕಾದದ್ದು ಬರಿ ನೀರು. ಮೊಸರನ್ನೂ ತಂಪಿನಲ್ಲಿಟ್ಟು, ಕಲೆಸಿದ ಮಜ್ಜಿಗೆ 35ರ ಬದಲು 26 ಡಿಗ್ರಿಯಿಂದ ಶುರುವಾದರೆ 42 ಕಿಲೋ ಐಸಿನ ಜಾಗದಲ್ಲಿ 27 ಕಿಲೋ ಸಾಕು. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಉಳಿತಾಯವನ್ನು ಕರೆಂಟಿಲ್ಲದೆ ಹರವಿಯೇ ಮಾಡಿಕೊಟ್ಟಿರುತ್ತದೆ.

ಇದೇ ತತ್ವದಿಂದ ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾ ಅಬ್ಬಾ ಗಡಿಗೆಯೊಳಗೆ ಗಡಿಗೆಯಿಟ್ಟು, ನಡುವೆ ಒದ್ದೆ ಮರಳು ತುಂಬಿ, ಮೂರು ದಿನಕ್ಕೆ ಬಾಡುವ ಬದನೆಕಾಯಿಯನ್ನು 27 ದಿನ ಉಳಿಸಿ ತೋರಿಸಿದರು. ಅವರಿಗೆ 2000ದಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಗುಜರಾತಿನ ವಾಂಕಾನೇರಿನ ಕುಂಬಾರ ಮನಸುಖಭಾಯಿ ಪ್ರಜಾಪತಿ ಇದನ್ನೇ ಮಣ್ಣಿನ ಫ್ರಿಜ್ಜಾಗಿ ಬೆಳೆಸಿದರು.

ಗಿರಣಿಯ ಹೊಟ್ಟು, ಗದ್ದೆಯ ಹುಲ್ಲು

ಗಂಗಾವತಿಯನ್ನು ಭತ್ತದ ಕಣಜ ಎನ್ನುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆ ಕೊಟ್ಟ ಭತ್ತ, ಆ ಭತ್ತ ಕೊಟ್ಟ ಗಿರಣಿಗಳು. ಗಿರಣಿಗೆ ಬಂದ ಭತ್ತದ ತೂಕದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಹೊಟ್ಟಾಗಿ ಹೊರಬೀಳುತ್ತದೆ. ಅದು ಬಾಯ್ಲರಿಗೆ, ಇಟ್ಟಿಗೆ ಭಟ್ಟಿಗೆ ಉರುವಲಾಗಿ ಹೋಗುವುದು ಎಲ್ಲರಿಗೂ ಗೊತ್ತು. ಶಾಖ ತಡೆಯುವುದರಲ್ಲಿ ಒಣ ಭತ್ತದ ಹೊಟ್ಟು ಥರ್ಮಾಕೋಲಿಗೆ ಹತ್ತಿರ ಬರುತ್ತದೆ ಎಂಬುದು ಅಷ್ಟಾಗಿ ಬಳಕೆಗೆ ಬಂದಿಲ್ಲ. ಟೊಳ್ಳು ದೋಣಿಯಂಥ ಅದರ ಪ್ರತಿ ಸಿಪ್ಪೆಯೂ ಒಂದಿಷ್ಟು ಗಾಳಿಯನ್ನು ಹಿಡಿದಿಡುತ್ತದೆ. ಶಾಖವನ್ನು ತಡೆಯುವುದು ಆ ನಿಂತ ಗಾಳಿ.

ಜೋಡಣೆ ಹೀಗೆ. 25 ಕಿಲೋ ಅಕ್ಕಿಯ ಖಾಲಿ ಚೀಲಗಳಿಗೆ ಒಣ ಹೊಟ್ಟು ತುಂಬಿ ಬಾಯಿ ಹೊಲಿಯಬೇಕು. ನೆಲದ ಮೇಲೆ ಇಟ್ಟಿಗೆ ಸಾಲು, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಎರಡು ಹೊಟ್ಟಿನ ಚೀಲ. ಅದರ ಮೇಲೆ ದೊಡ್ಡ ಪ್ಲಾಸ್ಟಿಕ್ ಟಬ್. ಟಬ್ಬಿನ ಸುತ್ತಲೂ ಹೊಟ್ಟಿನ ಚೀಲಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಹಗ್ಗದಿಂದ ಬಿಗಿಯಬೇಕು. ಟಬ್ಬಿನ ನಡುವೆ ಮಜ್ಜಿಗೆಯ ಸ್ಟೀಲ್ ಡಬರಿ, ಡಬರಿಯ ಸುತ್ತ ಒಡೆದ ಐಸ್ ಮತ್ತು ಒಂದಿಷ್ಟು ನೀರು. ಬರಿ ಐಸ್ ತುಂಡುಗಳು ಪಾತ್ರೆಯ ಮೈಯನ್ನು ಅಲ್ಲಲ್ಲಿ ಮಾತ್ರ ಮುಟ್ಟುತ್ತವೆ. ನೀರು ಸೇರಿದರೆ ಎಲ್ಲ ಕಡೆ ಮುಟ್ಟಿ ಬೇಗ ತಣಿಸುತ್ತದೆ. ಆ ನೀರಿಗೆ ಎರಡು ಹಿಡಿ ಕಲ್ಲುಪ್ಪು ಹಾಕಿದರೆ ಉಷ್ಣಾಂಶ ಶೂನ್ಯಕ್ಕಿಂತಲೂ ಕೆಳಗಿಳಿಯುತ್ತದೆ. ಕುಲ್ಫಿ ಮಾಡುವವರು ನಡೆಸಿಕೊಂಡು ಬಂದ ಉಪಾಯವೂ ಇದೇ. ಡಬರಿಯ ಮೇಲೆ ಮುಚ್ಚಳ, ಅದರ ಮೇಲೆ ಮತ್ತೊಂದು ಹೊಟ್ಟಿನ ಚೀಲ. ಹೊಟ್ಟು ಮಾತ್ರ ಒದ್ದೆಯಾಗಬಾರದು. ಒದ್ದೆಯಾದರೆ ಗಾಳಿಯ ಜಾಗಕ್ಕೆ ನೀರು ಬಂದು, ತಡೆಯುವ ಬದಲು ಶಾಖವನ್ನು ಒಳಗೆ ಬಿಡುತ್ತದೆ.

ಹೊಟ್ಟು-ಹುಲ್ಲಿನ ಬಲ ಎಂಥದು ಎಂಬುದಕ್ಕೆ ಇತಿಹಾಸದಲ್ಲಿ ಒಂದು ದೊಡ್ಡ ಸಾಕ್ಷಿಯಿದೆ. 1833ರಲ್ಲಿ ಟಸ್ಕನಿ ಎಂಬ ಹಡಗು ಅಮೆರಿಕದ ಬೋಸ್ಟನ್‌ನಿಂದ ಸುಮಾರು 180 ಟನ್ ಐಸ್ ತುಂಬಿಕೊಂಡು ಹೊರಟಿತು. ಹುಲ್ಲು, ಮರದ ತೊಗಟೆಪುಡಿ, ಹಲಗೆಗಳ ನಡುವೆ ಪೇರಿಸಿದ್ದ ಆ ಐಸಿನಲ್ಲಿ ನಾಲ್ಕು ತಿಂಗಳ ಪ್ರಯಾಣದ ನಂತರ ಕಲ್ಕತ್ತೆಯಲ್ಲಿ ಇಳಿಸುವಾಗಲೂ ಸುಮಾರು 100 ಟನ್ ಉಳಿದಿತ್ತು. ಹಾಗೆ ಬಂದ ಐಸನ್ನು ಇಡಲು ಮದರಾಸಿನಲ್ಲಿ 1842ರಲ್ಲಿ ಕಟ್ಟಿದ ಐಸ್ ಹೌಸ್ ಇಂದು ವಿವೇಕಾನಂದರ ಹೆಸರಿನಲ್ಲಿ ನಿಂತಿದೆ. ಸಮಭಾಜಕ ವೃತ್ತವನ್ನು ಎರಡು ಸಲ ದಾಟಿದ ಐಸ್ ಹುಲ್ಲಿನ ನಡುವೆ ಉಳಿಯುವುದಾದರೆ, ಬೆಳಗಿನಿಂದ ಮೂರನೇ ಪಂಕ್ತಿಯವರೆಗೆ ಉಳಿಸುವುದು ಕಷ್ಟವಲ್ಲ.

ಹುಲ್ಲಂತೂ ಕೊಯ್ಲು ಮುಗಿದ ಗದ್ದೆಯಲ್ಲೇ ಬಿದ್ದಿರುತ್ತದೆ. ಯಂತ್ರ ಸುತ್ತಿ ಕಟ್ಟಿದ ಹುಲ್ಲಿನ ಪೆಂಡಿಗಳನ್ನು ವೃತ್ತಾಕಾರದಲ್ಲಿ ಜೋಡಿಸಿ, ಒಳಗೆ ತೊಳೆದ ತಾಡಪತ್ರಿ ಹಾಸಿದರೆ ನೂರಾರು ನೀರಿನ ಬಾಟಲಿ, ಸೋಡಾ, ಎಳನೀರು ಮುಳುಗಿಸುವಷ್ಟು ದೊಡ್ಡ ತೊಟ್ಟಿ ಸಿದ್ಧ. ಪೆಂಡಿಯೇ ಗೋಡೆ, ಪೆಂಡಿಯೇ ಶಾಖ ತಡೆ. ನೀರಿನ ಭಾರಕ್ಕೆ ಪೆಂಡಿಗಳು ಜರುಗದಂತೆ ಹೊರಗಿನಿಂದ ಹಗ್ಗ ಸುತ್ತಬೇಕು. ತಾಡಪತ್ರಿಯ ಅಂಚನ್ನು ಪೆಂಡಿಯ ಆಚೆಗೆ ಮಡಿಚಿ ಇಟ್ಟಿಗೆ ಹೇರಬೇಕು. ಅಡುಗೆ ಒಲೆಯಿಂದ, ಪಟಾಕಿ ಹಾರಿಸುವ ಜಾಗದಿಂದ ಇದು ದೂರವೇ ಇರಬೇಕು. ಒಣಹುಲ್ಲಿಗೆ ಒಂದು ಕಿಡಿ ಸಾಕು.

ಯಾವ ಪಾತ್ರೆ ಸರಿ, ಯಾವುದು ಬೇಡ

ಒಳಗಿನ ಪಾತ್ರೆಗೆ ಸ್ಟೀಲ್ ಡಬರಿಯಷ್ಟು ನಿಶ್ಚಿಂತೆಯದು ಬೇರೆಯಿಲ್ಲ. ಹಾಲು ಸಾಗಿಸುವ 40 ಲೀಟರಿನ ಅಲ್ಯುಮಿನಿಯಂ ಕ್ಯಾನು ನೀರಿಗೆ, ಹಾಲಿಗೆ ಬಲು ಒಳ್ಳೆಯದು. ಬಿಗಿ ಮುಚ್ಚಳ, ಎರಡು ಹಿಡಿಕೆ, ಶಾಖ ದಾಟಿಸುವುದರಲ್ಲೂ ಚುರುಕು. ಆದರೆ ನಿಂಬೆ ಶರಬತ್ತು, ಹುಳಿ ಮಜ್ಜಿಗೆಯನ್ನು ಅದರಲ್ಲಿ ಗಂಟೆಗಟ್ಟಲೆ ಇಡಬಾರದು. ಅಜ್ಜಿ ಕಾಲದ ತಾಮ್ರದ ಹಂಡೆ, ಹಿತ್ತಾಳೆಯ ಕೊಳಗಕ್ಕೂ ಇದೇ ಮಾತು. ಕಲಾಯಿ ಇಲ್ಲದಿದ್ದರೆ ಹುಳಿ ತಾಕಿ ಕಿಲುಬು ಏಳುತ್ತದೆ, ಹೊಟ್ಟೆ ತೊಳಸುತ್ತದೆ. ಆ ಹಂಡೆಗಳ ಸುತ್ತ ಹೊಟ್ಟಿನ ಚೀಲ ನಿಲ್ಲಿಸಿ, ಹೊರಗಿನ ಪಾತ್ರೆಯಾಗಿ ಐಸ್ ತುಂಬಲು ಬಳಸಿದರೆ ಅಂದವೂ ಹೌದು, ಅಪಾಯವೂ ಇಲ್ಲ.

ಥರ್ಮಾಕೋಲ್ ಡಬ್ಬಿ ಬೇಕೆನ್ನುವವರು ಮೀನು ಮಾರುವವರ ಹತ್ತಿರ ಓಡುತ್ತಾರೆ. ಅದರ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ. ಔಷಧ ವಿತರಕರಿಗೆ, ಮೆಡಿಕಲ್ ಅಂಗಡಿಗಳಿಗೆ ತಂಪಿನಲ್ಲಿ ಬರುವ ಔಷಧಗಳ ಡಬ್ಬಿಗಳು ಸ್ವಚ್ಛವಾಗಿರುತ್ತವೆ. ನಾಲ್ಕು ದಿನ ಮುಂಚೆ ಹೇಳಿಟ್ಟರೆ ಎತ್ತಿಟ್ಟುಕೊಡುತ್ತಾರೆ. ವೇದಿಕೆಯ ಬಳಿ ಮದುಮಕ್ಕಳಿಗೆ, ಅಡುಗೆಯವರಿಗೆ ಬಾಟಲಿ ಇಡಲು ಅಷ್ಟು ಸಾಕು. ತಂಪು ಪಾನೀಯದ ಸಗಟು ಅಂಗಡಿಯಲ್ಲಿ ಹೆಚ್ಚು ಸರಕು ಕೊಂಡರೆ ಐಸ್ ಪೆಟ್ಟಿಗೆಯನ್ನು ಒಂದು ದಿನಕ್ಕೆ ಕೇಳಿ ಪಡೆಯಲೂಬಹುದು.

ಆನೆಗೊಂದಿ, ಸಣಾಪುರದ ಕಡೆ ಹೊಳೆದಂಡೆಯ ಮದುವೆ ಮಾಡುವವರ ಕಣ್ಣು ಹರಿಗೋಲಿನ ಮೇಲೆ ಬೀಳುವುದು ಸಹಜ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ಕೂಡ ಬುಟ್ಟಿಯಂತಿದ್ದ, ಚರ್ಮ ಹೊದಿಸಿದ ಈ ದುಂಡು ದೋಣಿಗಳ ಬಗ್ಗೆ ಬರೆದಿಟ್ಟಿದ್ದಾನೆ. ಐಸ್ ತೊಟ್ಟಿಯಾಗಲು ಆಕಾರವೇನೋ ಸರಿ. ಆದರೆ ಈಗಿನ ಹರಿಗೋಲಿನ ತಳಕ್ಕೆ ಡಾಂಬರು ಬಳಿದಿರುತ್ತದೆ. ಒಳಗೆ ಹೊಸ ತಾಡಪತ್ರಿ ಹಾಸಿ, ಮುಚ್ಚಳ ಬಿಗಿದ ಬಾಟಲಿಗಳನ್ನು ಮಾತ್ರ ಇಡಬೇಕು, ಬಿಸಿಲಿನಲ್ಲಂತೂ ನಿಲ್ಲಿಸಬಾರದು.

ಯಾವ ಕಾರಣಕ್ಕೂ ಬಳಸಬಾರದ್ದೆಂದರೆ ಕೀಟನಾಶಕ, ಆಸಿಡ್, ಬಣ್ಣ ತುಂಬಿದ್ದ ಡ್ರಮ್ಮು, ಕ್ಯಾನು. ಭತ್ತದ ಸೀಮೆಯಲ್ಲಿ ಇಂಥ ನೀಲಿ ಡ್ರಮ್ಮುಗಳು ಅಗ್ಗಕ್ಕೆ ಸಿಗುತ್ತವೆ. ಪ್ಲಾಸ್ಟಿಕ್ಕು ವಿಷವನ್ನು ಹೀರಿಕೊಂಡಿರುತ್ತದೆ, ಸೋಪು ಹಾಕಿ ತೊಳೆದರೆ ಹೋಗುವಂಥದಲ್ಲ. ಮೊದಲು ಏನು ತುಂಬಿತ್ತೆಂದು ಮಾರುವವನು ಖಚಿತವಾಗಿ ಹೇಳಲಾರದ ಡ್ರಮ್ಮನ್ನು ಐಸ್ ಇಡಲೂ ತರಬಾರದು. ಲೋಟದ ವಿಷಯದಲ್ಲೂ ಎಚ್ಚರವಿರಲಿ: ಪ್ಲಾಸ್ಟಿಕ್, ಥರ್ಮಾಕೋಲ್ ಲೋಟ-ತಟ್ಟೆಗಳನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿದೆ. ಶಾಮಿಯಾನದ ಅಂಗಡಿಯ ಸ್ಟೀಲ್ ಲೋಟ ಬಾಡಿಗೆಗೆ ತಂದು, ತೊಳೆಯಲು ಇಬ್ಬರನ್ನು ಹಚ್ಚಿದರೆ ಆಯಿತು.

ಮುಹೂರ್ತಕ್ಕೆ ಮೊದಲು

ಐಸನ್ನು ಹಿಂದಿನ ದಿನವೇ ತರುವ ಅಗತ್ಯವಿಲ್ಲ. ನಸುಕಿನಲ್ಲಿ ಇಡೀ ದಿಮ್ಮಿಯನ್ನೇ ತಂದು, ಗೋಣಿ ಸುತ್ತಿ, ಹೊಟ್ಟಿನ ಚೀಲಗಳ ನಡುವೆ ಮಲಗಿಸಿಟ್ಟು, ಬೇಕಾದಷ್ಟನ್ನೇ ಒಡೆಯುತ್ತ ಹೋಗಬೇಕು. ಪುಡಿ ಐಸಿಗೆ ಗಾಳಿ ತಾಗುವ ಮೈ ಹೆಚ್ಚು, ಅದು ಬೇಗ ಕರಗುತ್ತದೆ. ಓಣಿಯ ಹತ್ತು ಮನೆಗಳ ಫ್ರಿಜ್ಜಿನಲ್ಲಿ ಶುದ್ಧ ನೀರಿನ ಬಾಟಲಿಗಳನ್ನು ಮುಕ್ಕಾಲು ತುಂಬಿ ಹೆಪ್ಪುಗಟ್ಟಿಸಿದರೆ ಒಂದಿಷ್ಟು ಐಸಿನ ಖರ್ಚೂ ಉಳಿಯುತ್ತದೆ, ಕರಗಿದ ಮೇಲೆ ಅದು ಕುಡಿಯುವ ನೀರೂ ಆಗುತ್ತದೆ. ಮಜ್ಜಿಗೆಯನ್ನು ಒಮ್ಮೆಲೇ 150 ಲೀಟರ್ ಕಲೆಸದೆ, ಪಂಕ್ತಿಗೊಂದು ಡಬರಿಯಂತೆ ಕಲೆಸಿ, ಎರಡು ಗಂಟೆಯೊಳಗೆ ಖಾಲಿ ಮಾಡುವುದು ಕ್ಷೇಮ. ಪ್ರತಿ ಡಬರಿಗೂ ಉದ್ದ ಹಿಡಿಯ ಸೌಟು ಬೇರೆಯೇ ಇರಲಿ, ಲೋಟವನ್ನು ಒಳಗೆ ಅದ್ದುವುದು ಬೇಡ. ಐಸ್ ಕರಗಿದ ನೀರನ್ನು ಯಾರೂ ಕುಡಿಯದಂತೆ ಟಬ್ಬಿನ ಬಳಿ ಒಬ್ಬ ಹುಡುಗನನ್ನು ನಿಲ್ಲಿಸಬೇಕು. ಬಾಯಾರಿದ ಮಕ್ಕಳು ಮೊದಲು ಕೈ ಹಾಕುವುದು ಅಲ್ಲಿಗೇ.

ಇಷ್ಟರಲ್ಲಿ ದುಡ್ಡಿಗಿಂತ ಮೊದಲು ಬೇಕಾದದ್ದು ಸಮಯ, ಅದರಲ್ಲೂ ಕುಂಬಾರರಿಗೆ. ದೊಡ್ಡ ಹರವಿಯನ್ನು ತಟ್ಟಿ, ನೆರಳಿನಲ್ಲಿ ನಿಧಾನ ಒಣಗಿಸಿ, ಆಮೇಲೆ ಭಟ್ಟಿಗೆ ಇಡಬೇಕು. ಅವಸರಕ್ಕೆ ಬಿಸಿಲಲ್ಲಿ ಒಣಗಿಸಿದರೆ ಸೀಳುತ್ತದೆ. ಲಗ್ನಗಳ ಹಂಗಾಮಿನಲ್ಲಿ ಮದುವೆ ಶಾಸ್ತ್ರದ ಐರಣಿ ಗಡಿಗೆಯ ಬೇಡಿಕೆಯೂ ಅವರ ಮೇಲಿರುತ್ತದೆ. ಲಗ್ನಪತ್ರಿಕೆ ಅಚ್ಚಿಗೆ ಹೋಗುವ ದಿನವೇ ಕುಂಬಾರರಿಗೆ ಮುಂಗಡ ಕೊಟ್ಟು, ಗಿರಣಿಯಲ್ಲಿ ಹೊಟ್ಟಿಗೆ, ಶಾಮಿಯಾನದ ಅಂಗಡಿಯಲ್ಲಿ ಹೆಚ್ಚುವರಿ ಡಬರಿಗೆ, ಔಷಧ ಅಂಗಡಿಯಲ್ಲಿ ಡಬ್ಬಿಗೆ ಹೇಳಿಬಿಟ್ಟರೆ ಮದುವೆಯ ಮುಂಜಾನೆ ಐಸ್ ಒಂದನ್ನು ತರುವುದಷ್ಟೇ ಉಳಿದಿರುತ್ತದೆ. ಮದುವೆ ಮುಗಿದ ಮೇಲೆ ಹೊಟ್ಟು ದನದ ಕೊಟ್ಟಿಗೆಗೆ ಹಾಸಾಗುತ್ತದೆ, ಪೆಂಡಿ ಮೇವಿಗೆ ಹೋಗುತ್ತದೆ, ಮೂರೂ ಹರವಿಗಳನ್ನು ಊರಿನ ಅರವಟ್ಟಿಗೆಗೆ ಕೊಟ್ಟರೆ ಬೇಸಿಗೆ ಮುಗಿಯುವ ತನಕ ನೀರು ತಣಿಸುತ್ತವೆ.